ಅಕ್ಕನನ್ನು ಇಟ್ಟ ಜಾಗ

ಹನ್ನೂರಿನ ನಮ್ಮ ಮನೆಯ ಮಾಳಿಗೆಯ ಮೇಲೆ ಮೂರು ಸಾವಿರ ವರ್ಷದ ಹಿಂದಿನವರ ಮನೆಗಳಿದ್ದವು ಅನ್ನುವುದು ನನಗೆ ತಿಳಿದದ್ದು ನಾನು ಸೊಲ್ಲಾಪುರದ ಕಾಲೇಜೊಂದರಲ್ಲಿ ಕಾರಕೂನನಾದ ಮೇಲೆ. ಅಲ್ಲಿಯವರೆಗೆ ಅದು ಬರೀ ಬಿಳಿಮಣ್ಣಾಗಿತ್ತು. ನಮ್ಮ ಹೊಲದ ಅಂಚಿಗೆ ಒಂದು ದಿಬ್ಬವಿದೆ. ಸುತ್ತಲೂ ಕಪ್ಪು ಎರೆಭೂಮಿ, ನಡುವೆ ಇದೊಂದು ಬೂದಿಬಣ್ಣದ ಗುಡ್ಡೆ. ಮಳೆಗಾಲಕ್ಕೆ ಮೊದಲು ಊರಿನವರೆಲ್ಲ ಬಂಡಿ ಹೂಡಿಕೊಂಡು ಹೋಗಿ, ಅಲ್ಲಿಯ ಮಣ್ಣು ತಂದು ಮಾಳಿಗೆಗೆ ಹಾಕಿ ತುಳಿಯುತ್ತಿದ್ದರು. ಆ ಮಣ್ಣು ಹಾಕಿದ ಮಾಳಿಗೆ ಸೋರುವುದಿಲ್ಲ. ಮಣ್ಣಿನ ಜೊತೆ ಗಡಿಗೆಯ ಚೂರುಗಳೂ ಬರುತ್ತಿದ್ದವು. ಕೆಲವಕ್ಕೆ ಕೆಂಪಿನ ಮೇಲೆ ಕಪ್ಪು ಗೆರೆ. ಅವನ್ನು ಆರಿಸಿಕೊಂಡು ನಾವು ಕುಂಟಾಟ ಆಡಿದ್ದೇವೆ.

ತೊಂಬತ್ತರ ದಶಕದ ನಡುವಿನ ಒಂದು ಮಧ್ಯಾಹ್ನ ನಮ್ಮ ಕಾಲೇಜಿನ ಇತಿಹಾಸದ ಸರ್ ಮೇಜಿನ ಮೇಲೆ ಅಂಥದೇ ಒಂದು ಚೂರನ್ನು ಹತ್ತಿಯ ಮೇಲಿಟ್ಟು, ಹಸುಗೂಸನ್ನು ನೋಡಿದ ಹಾಗೆ ನೋಡುತ್ತ ಕೂತಿದ್ದರು. ನಾನು ಸಹಿಗೆಂದು ಹೋದವನು ಸಹಿ ಹಾಕಿಸಿಕೊಂಡು ಬರಬೇಕಿತ್ತು. "ಇಂಥಾವು ನಮ್ಮ ಮಾಳಿಗಿ ಮ್ಯಾಲೆ ಬೇಕಾದಷ್ಟು ಬಿದ್ದಾವು, ಸರ್" ಅಂದುಬಿಟ್ಟೆ. ಸರ್ ಮರಾಠಿಯವರು, ಆದರೆ ಅಷ್ಟು ಕನ್ನಡ ಅವರಿಗೆ ತಿಳಿಯುತ್ತಿತ್ತು. ಮುಂದಿನ ರವಿವಾರವೇ ನನ್ನ ಜೊತೆ ಎಸ್ಟಿ ಬಸ್ಸು ಹತ್ತಿ ಹನ್ನೂರಿಗೆ ಬಂದರು.

ನಾನು ಹುಟ್ಟಾ ಚಿಂತೆಯವನು. ಬಸ್ಸಿಗೆ ಒಂದು ತಾಸು ಮೊದಲು ಹೋಗಿ ನಿಂತು, ಸರಿಯಾದ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೇನೋ ಇಲ್ಲವೋ ಎಂದು ಮೂವರನ್ನು ಕೇಳುತ್ತೇನೆ. ಮೂವರೂ ಒಂದೇ ಉತ್ತರ ಕೊಟ್ಟರೆ, ಮೂವರೂ ಸೇರಿ ತಪ್ಪಿದ್ದರೆ ಏನು ಗತಿ ಎಂದು ನಾಲ್ಕನೆಯವನನ್ನು ಹುಡುಕುತ್ತೇನೆ. "ಇವರು ನಗಬೇಕಾದ್ರೂ ಹಲ್ಲು ಉದುರ್ಯಾವು ಅಂತ ಬಾಯಿ ಮುಚ್ಚಿಕೊಂಡ ನಗತಾರ" ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ಇಂಥ ಮನುಷ್ಯ, ಚಿಂತೆ ಮಾಡಲೇಬೇಕಾದ ಒಂದೇ ಒಂದು ವಿಷಯವನ್ನು ಆವತ್ತು ಬಾಯಿಬಿಟ್ಟು ಹೇಳಲಿಲ್ಲ. ದಿಬ್ಬ ನೋಡಿ ಸರ್ ಸಣ್ಣ ಹುಡುಗನಂತೆ ಓಡಾಡುತ್ತಿದ್ದರು. ಅಲ್ಲಿ ನಮ್ಮ ಮನೆಯ ಕೂಸುಗಳನ್ನು ಇಟ್ಟಿದ್ದಾರೆ ಎಂದು ನಾನು ಹೇಳಲಿಲ್ಲ.

ನಮ್ಮಲ್ಲಿ ಹಲ್ಲು ಬಾರದ ಕೂಸು ಹೋದರೆ ಸುಡುವುದಿಲ್ಲ, ಹೂಳುತ್ತಾರೆ. ಮನೆಯ ಇಬ್ಬರು ಗಂಡಸರು ಹಳೇ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ದಿಬ್ಬಕ್ಕೆ ಒಯ್ಯುತ್ತಾರೆ. ಅಲ್ಲಿ ಮಣ್ಣು ಮೆತ್ತಗೆ, ತೋಡಲು ಸಲೀಸು. ಮೇಲೆ ಒಂದು ಜಾಲಿಯ ಟೊಂಗೆ ಎಳೆದು, ಹಿಂದಿರುಗಿ ನೋಡದೆ ಬರುತ್ತಾರೆ. ಗುರುತಿನ ಕಲ್ಲು ಇಡುವುದಿಲ್ಲ. ಎಲ್ಲಿ ಇಟ್ಟರೆಂದು ಹೆಂಗಸರಿಗೆ ಹೇಳುವುದಿಲ್ಲ. ಹೇಳಿದರೆ ತಾಯಿ ಹೋಗಿ ಅಲ್ಲೇ ಕೂಡುತ್ತಾಳೆ, ಮುಂದಿನ ಬಸಿರು ನಿಲ್ಲುವುದಿಲ್ಲ ಎಂದು ನಂಬಿಕೆ.

ನನಗಿಂತ ಎರಡು ವರ್ಷ ಮೊದಲು ಹುಟ್ಟಿದ ಅಕ್ಕ ಹೀಗೆ ಹೋದವಳು. ಮೂರು ತಿಂಗಳಿಗೆ ಜ್ವರ ಬಂತು, ಎರಡು ದಿನಕ್ಕೆ ಮುಗಿಯಿತು. ಅಕ್ಕ ಅನ್ನುವುದೂ ಒಂದು ನಮೂನೆಯೇ. ನನಗೆ ಈಗ ಐವತ್ತೇಳು, ಆಕೆಗೆ ಮೂರು ತಿಂಗಳು. ಒಯ್ದವರು ಅಪ್ಪ ಮತ್ತು ಅವನ ತಮ್ಮ, ನಮ್ಮ ಕಾಕಾ. ಅವ್ವ ವರ್ಷಕ್ಕೊಮ್ಮೆಯಾದರೂ ಅಪ್ಪನನ್ನು ಕೇಳುತ್ತಿದ್ದಳು, ಎಲ್ಲಿ ಇಟ್ರಿ ಎಂದು. "ಮಣ್ಣಾಗ ಇಟ್ಟೀವಿ. ಮತ್ತೆಲ್ಲಿ ಇಡತಾರ" ಎಂದು ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ. ನಾನು ಹುಟ್ಟಿ ಬದುಕಿದ ಮೇಲಾದರೂ ಹೇಳಬಹುದಿತ್ತು. ಬಸಿರಿನ ಭಯ ಮುಗಿದಿತ್ತು. ಹೇಳಲಿಲ್ಲ. ಹಾಗೇ ತೀರಿಕೊಂಡ. ಆಮೇಲೆ ಅವ್ವ ಸೊಲ್ಲಾಪುರಕ್ಕೆ ನಮ್ಮ ಮನೆಗೆ ಬಂದಳು. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕಾರ್ಖಾನೆಗಳ ಹಿಂದಿನ ಎರಡು ಖೋಲಿಯ ಮನೆ, ದಿನವಿಡೀ ಮಗ್ಗದ ಸದ್ದು. ಕೇಳಲು ಗಂಡನೇ ಇಲ್ಲವಾದ ಮೇಲೆ ಕೇಳುವುದನ್ನೂ ಬಿಟ್ಟಿದ್ದಾಳೆ ಎಂದು ನಾನು ತಿಳಿದಿದ್ದೆ.

ಸರ್‌ಗೆ ನಾನು ಯಾಕೆ ಹೇಳಲಿಲ್ಲ? ಹೇಳಿದರೆ ಕೆಲಸ ನಿಂತೀತು, ನಿಂತರೆ ನನ್ನ ಮೇಲೆ ಸಿಟ್ಟಾದಾರು ಅಂತ ಒಂದು ಚಿಂತೆ. ಕೂಸುಗಳನ್ನು ಗುರುತಿಲ್ಲದೆ ಬಿಟ್ಟು ಬರುವ ಮಂದಿ ಇವರು ಎಂದು ತಿಳಿದಾರು ಅಂತ ಇನ್ನೊಂದು. ಎಲ್ಲಕ್ಕಿಂತ ಹೆಚ್ಚಾಗಿ, ಹೇಳಬೇಕಾದರೆ ಎಲ್ಲಿ ಎಂದು ಗೊತ್ತಿರಬೇಕು. ಗೊತ್ತು ಮಾಡಿಕೊಳ್ಳಬೇಕಾದರೆ ಈ ಮಾತನ್ನು ಮನೆಯಲ್ಲಿ ಎತ್ತಬೇಕು. ಅಷ್ಟು ಧೈರ್ಯ ನನ್ನಲ್ಲಿರಲಿಲ್ಲ.

ಪರವಾನಗಿ ಬಂತು. ಚಳಿಗಾಲದಲ್ಲಿ, ಹೊಲಗಳಲ್ಲಿ ಜೋಳದ ಎಳೆತೆನೆ ಸೀತನಿ ಸುಡುವ ಹದಕ್ಕೆ ಬಂದಿದ್ದ ಹೊತ್ತಿಗೆ, ದಿಬ್ಬದ ನೆತ್ತಿಯ ಮೇಲೆ ಹಗ್ಗ ಕಟ್ಟಿ ಚೌಕ ಹಾಕಿದರು. ಹೊಲ ನಮ್ಮದು, ಅಕ್ಷರ ದುಂಡಗೆ ಎಂಬ ಎರಡು ಕಾರಣಕ್ಕೆ ಸಿಕ್ಕ ವಸ್ತುಗಳ ರಜಿಸ್ಟರ್ ಬರೆಯುವ ಕೆಲಸ ನನಗೆ ಬಂತು. ಒಂದು ಮಾರು ಕೆಳಗೆ ಬಡಿದು ಗಟ್ಟಿಮಾಡಿದ ನೆಲ ಸಿಕ್ಕಿತು. ಒಂದು ಒಲೆ. ಒಲೆಯ ಪಕ್ಕದಲ್ಲಿ ನೆಲವನ್ನು ಸೀಳಿ ಮಾಡಿದ ತಗ್ಗು, ಅದರಲ್ಲಿ ಬಾಯಿಗೆ ಬಾಯಿ ಹಚ್ಚಿ ಮಲಗಿಸಿದ ಎರಡು ಗಡಿಗೆ. ಸರ್ ಎಲ್ಲರನ್ನೂ ಮಾತು ನಿಲ್ಲಿಸಲು ಹೇಳಿ, ಕುಂಚದಿಂದ ಮಣ್ಣು ಸರಿಸಿದರು. ಒಳಗೆ ಒಂದು ಕೂಸಿನ ಎಲುಬು, ಹಕ್ಕಿಯವಷ್ಟು ಸಣ್ಣವು. ಆ ಕಾಲದವರು ಸತ್ತ ಕೂಸುಗಳನ್ನು ಮನೆಯ ನೆಲದ ಕೆಳಗೇ ಇಡುತ್ತಿದ್ದರು, ಗಡಿಗೆಯಲ್ಲಿ, ಎಂದು ಸರ್ ಹೇಳಿದರು. ನಾನು ದುಂಡಗಿನ ಅಕ್ಷರದಲ್ಲಿ ಬರೆದುಕೊಂಡೆ.

ಆವತ್ತು ಸಂಜೆಯೇ ಕಾಕಾನ ಹತ್ತಿರ ಹೋದೆ. ಕಾಕಾ ದನಗಳಿಗೆ ಕಣಿಕೆ ಹಾಕುತ್ತಿದ್ದ.

"ಕಾಕಾ, ಅಕ್ಕನ್ನ ಎಲ್ಲಿ ಇಟ್ಟಿದ್ರಿ?"

"ಈಗ್ಯಾಕ ಅದು?"

"ಸುಮ್ನ."

"ಸುಮ್ನ ಕೇಳೂ ಮಾತೇನೋ ಅದು." ಕಣಿಕೆಯ ಸಿವುಡು ಬಿಚ್ಚಿ ಹಾಕುತ್ತ, ನನ್ನ ಕಡೆ ನೋಡದೆ ಅಂದ: "ಮೂಡಣ ಇಳಕಲಾಗ. ಅರ್ಧಕ್ಕ. ಹೋಗು, ಇನ್ನ ನಿಮ್ಮ ಅವ್ವಗ ಹೇಳಬ್ಯಾಡ."

ಅವ್ವನಿಗೆ ಹೇಳಲಿಲ್ಲ. ಸರ್‌ಗೂ ಹೇಳಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಹೋಗಿ ನೋಡುತ್ತೇನೆ, ಸರ್ ಎರಡನೆಯ ಚೌಕದ ಹಗ್ಗವನ್ನು ಮೂಡಣ ಇಳಿಜಾರಿನಲ್ಲೇ ಎಳೆಸುತ್ತಿದ್ದರು. "ಆ ಕಡೆ ಹಾವು ಭಾಳ ಅದಾವ, ಸರ್" ಅಂದೆ. ಸರ್ ನಕ್ಕರು. "ಹಾವು ಎಲ್ಲಿಲ್ಲ, ಕಾಲೇಜಿನಲ್ಲೂ ಇವೆ" ಎಂದು ಮರಾಠಿಯಲ್ಲಿ ಹೇಳಿದರು. ಆಳುಗಳೂ ನಕ್ಕರು. ನಾನೂ ನಕ್ಕೆ, ಬಾಯಿ ಮುಚ್ಚಿಕೊಂಡು. ಅದಕ್ಕಿಂತ ಹೆಚ್ಚು ನಾನು ಮಾಡಿದ್ದು ಇಲ್ಲ. ಇಷ್ಟು ವರ್ಷ ಲೋಕದ ಎಲ್ಲ ಅನಾಹುತಗಳಿಗೂ ಮುಂಚಿತವಾಗಿ ಹೆದರಿ ತಾಲೀಮು ಮಾಡಿದವನು, ನಿಜವಾದದ್ದು ಕಣ್ಣೆದುರು ಬಂದಾಗ ಹಾವಿನ ಕಥೆ ಹೇಳಿದೆ.

ಮೂರನೆಯ ದಿನ ಆ ಚೌಕದಲ್ಲಿ ಮೊಳದಷ್ಟು ಆಳದಲ್ಲಿ ಸಣ್ಣ ಎಲುಬುಗಳು ಸಿಕ್ಕವು. ಗಡಿಗೆ ಇಲ್ಲ, ನೆಲ ಇಲ್ಲ, ಒಲೆ ಇಲ್ಲ. ಬಟ್ಟೆ ಗಿಟ್ಟೆ ಏನೂ ಉಳಿದಿರಲಿಲ್ಲ. ಊರಿನವರು ಬಂಡಿಗಟ್ಟಲೆ ಮಣ್ಣು ಒಯ್ದು ಒಯ್ದು ಇಳಿಜಾರೆಲ್ಲ ಕಲಸಿಹೋಗಿದೆ, ಮೇಲಿನದು ಕೆಳಗೆ, ಕೆಳಗಿನದು ಮೇಲೆ ಬಂದಿದೆ, ಇದು ಯಾವ ಕಾಲದ್ದೆಂದು ಹೇಳುವುದು ಕಷ್ಟ ಎಂದರು ಸರ್. ಎಲ್ಲವನ್ನೂ ಬಿಳಿ ಅರಿವೆಯ ಚೀಲದಲ್ಲಿ ಹಾಕಿದರು. ಚೀಟಿ ನಾನು ಬರೆದೆ: ಮಗು, ಗಡಿಗೆ ಇಲ್ಲ, ಮೂಡಣ ಇಳಿಜಾರು. ಬರೆದು, ನೀರು ಕುಡಿಯುವ ನೆವ ಮಾಡಿ ದಿಬ್ಬದ ಹಿಂದೆ ಹೋಗಿ ಸ್ವಲ್ಪ ಹೊತ್ತು ಕೂತೆ.

ಶನಿವಾರ ಮನೆಗೆ ಬಂದಾಗ ಊಟಕ್ಕೆ ಕೂತಲ್ಲಿ ನೆತ್ತಿಯ ಮೇಲಿನ ಮನೆಯ ಸುದ್ದಿ ಹೇಳಿದೆ, ಗಡಿಗೆಯಲ್ಲಿಯ ಕೂಸಿನದು. ಇಳಿಜಾರಿನದನ್ನು ಬಿಟ್ಟು. ಒಂದನ್ನು ಹೇಳಿದರೆ ಇನ್ನೊಂದನ್ನು ಹೇಳಿದ ಹಾಗೇ ಆಗುತ್ತದೆ ಎಂದು ನನ್ನ ಮನಸ್ಸು ನನಗೆ ಸಮಾಧಾನ ಹೇಳಿರಬೇಕು.

ಅವ್ವನ ಕೈ ರೊಟ್ಟಿಯ ಮೇಲೇ ನಿಂತಿತು.

"ಮನಿಯಾಗ ಇಟ್ಟುಕೊಂಡಿದ್ರೇನು?"

"ಹೌದವ್ವ. ನೆಲದ ಬುಡಕ. ಒಲಿ ಬಾಜೂಕ."

"ತಾಯಿ ಅದರ ಮ್ಯಾಲೆ ಅಡ್ಡಾಡತಿದ್ಲೇನು?"

"ಅಡ್ಡಾಡತಿರಬೇಕು."

"ಅಲ್ಲೇ ಕುಂತು ರೊಟ್ಟಿ ಮಾಡತಿದ್ಲು."

"ರೊಟ್ಟಿ ಇತ್ತೋ ಏನೋ ಗೊತ್ತಿಲ್ಲವ್ವ."

"ಏನರೆ ಮಾಡತಿದ್ಲಲ್ಲ." ರೊಟ್ಟಿ ಮುರಿಯುತ್ತ ಅಂದಳು: "ಛಲೋ ಮಂದಿ ಇದ್ರು."

ಮುಂದಿನ ವಾರ ನಾನೂ ಬರುತ್ತೇನೆ ಅಂದಳು. ಬಿಸಿಲು, ಧೂಳು, ಬಸ್ಸಿನ ಗದ್ದಲ ಎಂದೆಲ್ಲ ಹೇಳಿ ನೋಡಿದೆ. "ಅತ್ತಿ ಹೋಗಿ ಬರ್ಲಿ ಬಿಡ್ರಿ. ಅವರ ಹೊಲ, ಅವರ ದಿಬ್ಬಿ. ನಿಮ್ಮ ಅಪ್ಪಣಿ ಯಾಕ ಬೇಕು" ಅಂದಳು ಹೆಂಡತಿ. ಅಕ್ಕಲಕೋಟದಲ್ಲಿ ಬಸ್ಸು ಬದಲಿಸಿ ಹೋದೆವು. ಅಕ್ಕಲಕೋಟ ಅವ್ವನ ತವರು. ಸ್ಟ್ಯಾಂಡಿನಲ್ಲಿ ಇಳಿದಾಗ ಯಾವಾಗಲೂ ಯಾರಾದರೂ ಗುರುತಿನವರು ಸಿಕ್ಕು ಅವಳನ್ನು ಹಳೆಯ ಹೆಸರಿನಿಂದ ಕರೆಯುವರು. ಮದುವೆಯ ದಿನ ತಾಟಿನ ಅಕ್ಕಿಯ ಮೇಲೆ ಉಂಗುರದಿಂದ ಬರೆದ ಹೊಸ ಹೆಸರಿನಿಂದ ಹನ್ನೂರಿನವರು ಕರೆಯುವರು. ಎರಡಕ್ಕೂ ಅವಳು ಓ ಅನ್ನುತ್ತಿದ್ದಳು. ಆವತ್ತು ಯಾರೂ ಸಿಗಲಿಲ್ಲ.

ದಿಬ್ಬದ ಮೇಲೆ ಪುಣೆಯಿಂದ ಒಬ್ಬ ಹುಡುಗಿ ಬಂದಿದ್ದಳು. ಎಲುಬಿನ ಮೇಲೆ ಸಂಶೋಧನೆ ಮಾಡುವವಳು. ಸರ್ ಅವಳನ್ನು ಕರೆಸಿದ್ದರು. ಕೈಗೆ ರಬ್ಬರ್ ಗ್ಲೋವ್ಸ್ ಹಾಕಿಕೊಂಡು ಎಲುಬಿನ ಚೂರುಗಳನ್ನು ಕಾಗದದಲ್ಲಿ ಸುತ್ತುತ್ತಿದ್ದಳು. ಅವ್ವ ಚೌಕದ ಅಂಚಿಗೆ ಸೆರಗು ಹೊದ್ದು ಕೂತು, ಹೊಸ ಸೊಸೆಯ ಅಡಿಗೆ ನೋಡುವವಳಂತೆ ಅವಳ ಕೆಲಸ ನೋಡಿದಳು.

"ಎಲುಬಿನಾಗ ಏನ ಹುಡಕ್ತಿ, ಮಗಳ?" ಅವ್ವ ಕೇಳಿದ್ದು ಮರಾಠಿಯಲ್ಲಿ. ಆಕೆಯ ಮರಾಠಿ ನನ್ನದಕ್ಕಿಂತ ಶುದ್ಧ.

ಹುಡುಗಿ ಕೆಲಸ ನಿಲ್ಲಿಸಿ, ಅಜ್ಜಿಗೆ ತಿಳಿಯುವ ಹಾಗೆ ಹೇಳಿದಳು. ಪ್ರತಿ ಜೀವದ ಮೈಯಲ್ಲಿ ಡಿಎನ್‌ಎ ಅಂತ ಒಂದು ಬರವಣಿಗೆ ಇರುತ್ತದೆ. ಅದರಲ್ಲಿ ಒಂದು ಎಳೆ ತಾಯಿಯಿಂದ ಮಾತ್ರ ಬರುತ್ತದೆ. ತಾಯಿಗೆ ಅವಳ ತಾಯಿಯಿಂದ, ಅವಳಿಗೆ ಅವಳ ತಾಯಿಯಿಂದ. ಹೊರದೇಶದಲ್ಲಿ ಹಳೆಯ ಎಲುಬಿನಿಂದಲೂ ಅದನ್ನು ಓದಲು ಶುರು ಮಾಡಿದ್ದಾರೆ. ಎಲ್ಲ ಎಲುಬೂ ಮಾತಾಡುವುದಿಲ್ಲ. ಮಾತಾಡಿದರೆ ಈ ಮನೆಯ ಕೂಸು, ಆ ಮನೆಯ ಕೂಸು ಒಬ್ಬ ತಾಯಿಯವೋ ಅಲ್ಲವೋ ತಿಳಿಯುತ್ತದೆ. ಯಾರು ಈ ಊರಿನವರು, ಯಾವ ಹೆಂಗಸರು ಹೊರಗಿನಿಂದ ಬಂದವರು ಎಂದೂ ಒಂದು ದಿನ ತಿಳಿದೀತು.

"ಹೆಂಗಸರು ಎಲ್ಲಾರೂ ಹೊರಗಿಂದನ ಬಂದಿರತಾರ" ಅಂದಳು ಅವ್ವ. "ಅದಕ್ಕ ಎಲುಬು ಯಾಕ ಕೆದರಬೇಕು? ನನ್ನ ಕೇಳಿದ್ರ ಹೇಳತಿದ್ದೆ."

ಹುಡುಗಿ ನಕ್ಕಳು. ಯಾವಾಗಲೂ ಹಾಗೇ ಇತ್ತೆಂದು ಹೇಳಲು ಬರುವುದಿಲ್ಲ ಆಜೀ, ಎಂದಳು. ಗಂಡನೇ ಹೆಂಡತಿಯ ಮನೆಗೆ ಬರುವ ಕಾಲ ಒಂದು ಇದ್ದಿರಬಹುದು. ಕೂಸನ್ನು ಮನೆಯೊಳಗೆ ಇಟ್ಟುಕೊಂಡವರು ಒಂದು ಕಾಲಕ್ಕೆ ಅದನ್ನು ಬಿಟ್ಟು ಹೊರಗೆ ಒಯ್ಯಲು ಶುರು ಮಾಡಿದ್ದಾರೆ. ಏನು ಬದಲಾಯಿತು, ಯಾವಾಗ ಬದಲಾಯಿತು ಎನ್ನುವುದೇ ನಮಗೆ ಬೇಕಾದದ್ದು.

"ಬದಲ ಮಾಡಿದಾಂವ ಯಾಂವ ಅಂತ ಸಿಕ್ಕರ ನನಗ ಒಂದು ಕಾಗದ ಹಾಕು" ಅಂದಳು ಅವ್ವ.

ಈಗ ಆ ಹುಡುಗಿ ಹೇಳಿದ್ದರಲ್ಲಿ ಎಷ್ಟೋ ಆಗಿದೆ. ಪೇಪರಿನಲ್ಲಿ ಬಂದರೆ ಕತ್ತರಿಸಿ ಇಟ್ಟುಕೊಳ್ಳುತ್ತೇನೆ. ದೂರದ ದೇಶಗಳ ಕೆಲವು ಬಹಳ ಹಳೆಯ ಹೂಳುನೆಲಗಳಲ್ಲಿ ತಲೆಮಾರು ತಲೆಮಾರಿನ ಗಂಡಸರೆಲ್ಲ ಒಂದೇ ಬೇರಿನವರಂತೆ, ಹೆಂಗಸರು ಬೇರೆ ಬೇರೆ ಕಡೆಯಿಂದ ಬಂದವರಂತೆ. ಆ ಮನೆಗಳ ಬೆಳೆದ ಹೆಣ್ಣುಮಕ್ಕಳ ಎಲುಬು ಅಲ್ಲಿ ಇಲ್ಲ. ಅವರು ಎಲ್ಲೋ ಇನ್ನೊಬ್ಬರ ನೆಲದಲ್ಲಿದ್ದಾರೆ. ಸಣ್ಣಂದಿನಲ್ಲಿ ಸತ್ತ ಹೆಣ್ಣುಮಕ್ಕಳು ಮಾತ್ರ ತವರಿನ ಮಣ್ಣಿನಲ್ಲಿ ಉಳಿದಿದ್ದಾರೆ. ಮೊದಲ ಸಲ ಇದನ್ನು ಓದಿದಾಗ ನನಗೆ ವಿಜ್ಞಾನ ಓದಿದ ಹಾಗೆ ಅನ್ನಿಸಲಿಲ್ಲ. ಬದುಕಿದ್ದರೆ ಅಕ್ಕನೂ ಒಂದು ತಾಟಿನ ಅಕ್ಕಿಯಲ್ಲಿ ಹೆಸರು ಬಿಟ್ಟು ಎಲ್ಲೋ ಹೋಗುತ್ತಿದ್ದಳು. ಸತ್ತದ್ದಕ್ಕೇ ನಮ್ಮ ಹೊಲದಲ್ಲಿ ಉಳಿದಳು.

ಆವತ್ತು ಅವ್ವ ಆ ಎಳೆಯ ಮಾತನ್ನು ಬಿಡಲಿಲ್ಲ.

"ಅಂದ್ರ ನನ್ನ ರಕ್ತ ನೋಡಿದ್ರ ನನ್ನ ಕೂಸಿನ ಎಲುಬಿನ ಗುರ್ತು ಹತ್ತತದೇನು?"

"ಒಂದು ದಿನ ಹತ್ತುತ್ತದೆ, ಆಜೀ. ಅದೇ ಎಳೆ ಅಲ್ಲವೇ."

"ಹಂಗಾರ ತಗೋ. ನನ್ನದೊಂದು ಇಲ್ಲೇ ಎಲ್ಲ್ಯೋ ಅದ."

ನಾನು ಕೆಮ್ಮಿದೆ. ಬಸ್ಸಿಗೆ ಹೊತ್ತಾಯಿತು ಅಂದೆ. ಬಸ್ಸಿಗೆ ಇನ್ನೂ ಮೂರು ತಾಸಿತ್ತು. ಹುಡುಗಿ ಗ್ಲೋವ್ಸ್ ತೆಗೆದು ನನ್ನನ್ನು ನೋಡಿದಳು, ಆಮೇಲೆ ಅವ್ವನನ್ನು.

"ಇಲ್ಲಿ ಅಂದರೆ?"

"ಈ ದಿಬ್ಬ್ಯಾಗ. ನಮ್ಮ ಮನಿ ಕೂಸುಗೋಳ ಎಲ್ಲಾ ಇಲ್ಲೇ ಅದಾವ. ಇಂವ ಹೇಳಿಲ್ಲೇನು?"

ಸರ್ ಹತ್ತಿರದಲ್ಲೇ ನಿಂತಿದ್ದರು. ತಲೆಯ ಟೊಪ್ಪಿಗೆ ತೆಗೆದರು. ಆಮೇಲೆ ನಾನು ಹೇಳಿದೆ. ಕಾಕಾ ಹೇಳಿದ ಇಳಿಜಾರು, ಚೀಲ, ಚೀಟಿ, ಎಲ್ಲವನ್ನೂ, ಅವ್ವನ ಎದುರಿಗೇ, ನಿಂತು. ಸರ್ ಬೈಯಲಿಲ್ಲ. ಬೈದಿದ್ದರೆ ನನಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. "ಮೊದಲೇ ಹೇಳಿದ್ದರೆ ಆ ಬದಿಗೆ ಗುದ್ದಲಿ ಹಾಕುತ್ತಿರಲಿಲ್ಲ" ಎಂದಷ್ಟೇ ಅಂದರು.

ಅವ್ವ ನನ್ನ ಕಡೆ ತಿರುಗಿದಳು. "ಎಷ್ಟು ದಿವಸಾತು ತೆಗದು?"

"ಹನ್ನೊಂದು ದಿವಸ."

"ಶನಿವಾರ ನನ್ನ ಎದುರಿಗೆ ಕುಂತು ಉಂಡಿ."



ಸರ್ ಒಳ್ಳೆಯವರು. ಇಲ್ಲದ ಭರವಸೆ ಕೊಡಲಿಲ್ಲ. ಇದು ಮೂರು ಸಾವಿರ ವರ್ಷದ್ದಿರಬಹುದು, ಮೂವತ್ತೈದು ವರ್ಷದ್ದೂ ಇರಬಹುದು, ನಾನು ಆಣೆ ಮಾಡಿ ಹೇಳಲಾರೆ ತಾಯಿ, ನೀವು ನಿಮ್ಮದೆಂದರೆ ಕೊಡುತ್ತೇನೆ, ಎಂದರು. ಹುಡುಗಿ ಮೆಲ್ಲಗೆ, ಇಲ್ಲೇ ಇರಲಿ ಆಜೀ, ಐದು ವರ್ಷಕ್ಕೋ ಹತ್ತು ವರ್ಷಕ್ಕೋ ಖಾತ್ರಿಯಾಗಿ ಹೇಳಲು ಬರುತ್ತದೆ, ನಾನೇ ನೋಡುತ್ತೇನೆ, ಎಂದಳು.

"ಹತ್ತ ವರ್ಷ ಪೆಟ್ಟಿಗ್ಯಾಗ ಇಡತಿ?"



ಅವ್ವ ಚೀಲವನ್ನು ತರಿಸಿದಳು. ಬಿಚ್ಚಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಳು. ಚೀಟಿಯ ಮೇಲಿನ ನನ್ನ ಅಕ್ಷರ ಅವಳಿಗೆ ಓದಲು ಬರುತ್ತಿರಲಿಲ್ಲ, ಅದೊಂದು ನನ್ನ ಪುಣ್ಯ. "ಮೊದಲಿನ ಸಲ ನಾ ಒಳಗ ಇದ್ದೆ, ಅವರ ಒಯ್ದ್ರು" ಅಂದಳು ಕಡೆಗೆ. "ಈ ಸಲ ನಾ ಒಯ್ತೀನಿ."

ರಜಿಸ್ಟರಿನಲ್ಲಿ ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದು, ಸಂಶಯಾಸ್ಪದ, ಸಂಗ್ರಹದಿಂದ ತೆಗೆಯಲಾಗಿದೆ ಎಂದು ಮರಾಠಿಯಲ್ಲಿ ಬರೆದೆ. ಸರ್ ಸಹಿ ಹಾಕಿದರು.

ಆ ಚೀಲ ಉಳಿದಿದ್ದರೆ ಇವತ್ತು ಗೊತ್ತಾಗುತ್ತಿತ್ತೇ? ಈ ಪ್ರಶ್ನೆಯನ್ನು ನಾನು ಇಪ್ಪತ್ತೈದು ವರ್ಷದಿಂದ ಸಾಕಿಕೊಂಡಿದ್ದೇನೆ. ನಮ್ಮಂಥ ಬಿಸಿ ನೆಲದಲ್ಲಿ ಬಹಳ ಹಳೆಯ ಎಲುಬಿನ ಬರವಣಿಗೆ ಹೆಚ್ಚಾಗಿ ಅಳಿಸಿಹೋಗಿರುತ್ತದಂತೆ. ಮೂವತ್ತೈದು ವರ್ಷದ್ದು ಅಷ್ಟು ಬೇಗ ಅಳಿಸುವುದಿಲ್ಲ. ಅಂದರೆ ಎಲುಬು ಮಾತಾಡಿದ್ದರೆ ಬಹುಶಃ ನಮ್ಮದು, ಸುಮ್ಮನಿದ್ದರೆ ಬಹುಶಃ ಅವರದು. ಅವ್ವನ ರಕ್ತ ಈಗ ಇಲ್ಲದಿದ್ದರೂ ನನ್ನ ಉಗುಳು ಸಾಕು. ಅವ್ವನ ಎಳೆ ನನಗೂ ಬಂದಿದೆ. ಆದರೆ ಗಂಡಸರಿಗೆ ಬಂದದ್ದು ಮುಂದಕ್ಕೆ ಹೋಗುವುದಿಲ್ಲ. ನನ್ನ ಮಕ್ಕಳ ಮೈಯಲ್ಲಿರುವುದು ಅವರ ಅವ್ವನ ಎಳೆ. ಇದನ್ನು ಹೆಂಡತಿಗೆ ವಿವರಿಸಿದಾಗ "ಪುಣ್ಯಾ, ನಿಮ್ಮ ಚಿಂತಿ ಹತ್ತಿಲ್ಲ ಅವಕ್ಕ" ಅಂದಳು. ಅವ್ವನ ತಾಯಿ, ಅವಳ ತಾಯಿ, ಅವಳ ತಾಯಿ, ಎಷ್ಟು ಸಾವಿರ ವರ್ಷದಿಂದ ಬಂದದ್ದು ಒಬ್ಬ ನಿವೃತ್ತಿಗೆ ಬಂದ ಕಾರಕೂನನಲ್ಲಿ ನಿಂತಿದೆ. ಅಕ್ಕ ಇದ್ದಿದ್ದರೆ ಮುಂದೆ ಹೋಗುತ್ತಿತ್ತೇನೋ.

ಆ ರಾತ್ರಿ ಹನ್ನೂರಿನ ಮನೆಯಲ್ಲೇ ಉಳಿದು, ಮರುದಿನ ಬೆಳಿಗ್ಗೆ ಕಾಕಾನನ್ನು ಕರೆದುಕೊಂಡು ಮತ್ತೆ ದಿಬ್ಬಕ್ಕೆ ಹೋದೆವು. ಇಳಿಜಾರಿನಲ್ಲಿ ಬೇಡ ಅಂದಳು ಅವ್ವ. ನೆತ್ತಿಯ ಮೇಲಿನ ಆ ಹಳೆಯ ಮನೆಗೆ ಹೋದಳು. ಎರಡು ಗಡಿಗೆಗಳನ್ನು ಎತ್ತಿದ ತಗ್ಗು ಒಲೆಯ ಪಕ್ಕದಲ್ಲಿ ಹಾಗೇ ಖಾಲಿ ಇತ್ತು. ಕೆಲಸ ಮುಗಿದ ಮೇಲೆ ಚೌಕವನ್ನೆಲ್ಲ ಮುಚ್ಚುತ್ತೇವೆ ಎಂದು ಸರ್ ಹೇಳಿದ್ದರು. ಅವರು, ಆ ಹುಡುಗಿ, ಆಳುಗಳು ಎಲ್ಲ ದೂರ ಹೋಗಿ ಬೇವಿನ ಕೆಳಗೆ ನಿಂತರು. ಅವ್ವ ತನ್ನ ಸೀರೆಯ ಒಂದು ತುಂಡನ್ನು ಮನೆಯಿಂದಲೇ ಹರಿದು ತಂದಿದ್ದಳು. ಅದರಲ್ಲಿ ಸುತ್ತಿ, ತಾನೇ ಚೌಕದೊಳಗೆ ಇಳಿದು, ತಗ್ಗಿನಲ್ಲಿ ಇಟ್ಟು, ಎರಡೂ ಕೈಯಿಂದ ಮಣ್ಣು ಎಳೆದಳು. ಕಾಕಾ ಮೇಲೆ ನಿಂತು ಟವೆಲ್ಲಿನಿಂದ ಮತ್ತೆ ಮತ್ತೆ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ.

"ವೈನಿ."

"ಹೇಳ್ರಿ."

"ಇಳಕಲು ಅಂತ ಇವಗ ಹೇಳೀನಲ್ಲ. ನಾ ಮ್ಯಾಲೆ ಹತ್ತಿದ್ದಿಲ್ಲ, ವೈನಿ. ಬಂಡಿ ಹತ್ರ ನಿಂತಿದ್ದೆ. ಎತ್ತು ಹೊಸಾವು, ಹಿಡ್ಯಾಕ ಒಬ್ರು ಬೇಕಿತ್ತು. ಅಣ್ಣ ಒಬ್ಬನ ಹತ್ತಿ ಹೋದ. ತಿರಗಿ ಬರಬೇಕಾದ್ರ ಆ ಇಳಕಲಿಂದ ಬಂದ. ಅದಕ್ಕ ಅಲ್ಲೇ ಅಂದೆ."

ಅವ್ವನ ಕೈ ನಿಂತಿತು. ಮಣ್ಣು ಅರ್ಧ ತುಂಬಿತ್ತು. ನಾನು ಅವ್ವನನ್ನು ನೋಡಲಾರದೆ ಕಾಕಾನ ಚಪ್ಪಲಿ ನೋಡುತ್ತ ನಿಂತೆ.

"ಎಷ್ಟು ಹೊತ್ತಿಗೆ ತಿರಗಿ ಬಂದ್ರು?" ಅವ್ವ ಕೇಳಿದ್ದು ಅಷ್ಟೇ.

"ಭಾಳ ಹೊತ್ತಾತು. ನಾ ಎರಡ ಸಲ ಎತ್ತಿಗೆ ನೀರ ಕುಡಿಸಿದೆ."

"ಅಷ್ಟು ಹೊತ್ತು?"

"ಹೂಂ. ಹೋಗಿ ನೋಡಬೇಕಂದ್ರ ಎತ್ತು ಬಿಡಾಕ ಬರವಲ್ದು. ಬಂದ ಮ್ಯಾಲೆ ಮಾತಾಡಲಿಲ್ಲ. ಮನಿ ತನಾನೂ ಬಂಡಿ ಹಿಂದ ನಡಕೋತ ಬಂದ."

ಮೂವತ್ತೈದು ವರ್ಷದಲ್ಲಿ ಅಪ್ಪನ ಬಗ್ಗೆ ಈ ಸುದ್ದಿ ಅವಳಿಗೆ ಇದೇ ಮೊದಲು. ಉಳಿದ ಮಣ್ಣನ್ನು ಎಳೆದು, ಅಂಗೈಯಿಂದ ತಟ್ಟಿ ಸಮ ಮಾಡಿದಳು, ಒಲೆಯ ಮುಂದಿನ ನೆಲ ಸಾರಿಸುವ ಹಾಗೆ. ನಾನು ಕೈ ಕೊಟ್ಟೆ. ಹಿಡಿಯಲಿಲ್ಲ, ಕಾಕಾನ ಕೈ ಹಿಡಿದು ಮೇಲೆ ಬಂದಳು.

ಅಕ್ಕಲಕೋಟ ದಾಟುವವರೆಗೆ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಯೇ ಅಂದಳು:

"ನನ್ನಾಕಿ ಅಲ್ಲ ಅದು, ತಮ್ಮ."

"ಹೆಂಗ ಅಂತಿ?"

"ಭಾಳ ಹಗರ ಇತ್ತು. ನನ್ನಾಕಿ ಮೈತುಂಬಿದ್ಲು. ಎತ್ತಿದ್ರ ಕೈ ನೋಯತಿತ್ತು."

"ಎಲುಬು ಹಗರನ ಇರತಾವ, ಅವ್ವ."

"ಗೊತ್ತದ ನನಗ."

ಹಿಂದಿನ ಸೀಟಿನವರು ಚೀಲ ಸರಿಸಿರಿ ಎಂದು ಮರಾಠಿಯಲ್ಲಿ ಹೇಳಿದರು. ನಾನು ಸರಿಸಿದೆ.

"ಮತ್ತ ಯಾಕ ಇಟ್ಟಿ, ಅವ್ವ?"

"ತೊಡಿ ಮ್ಯಾಲೆ ಬಂದದ್ದನ್ನ ಮತ್ತ ಚೀಲದಾಗ ಹಾಕಿ ಕೊಡಾಕ ಬರ್ತದೇನು."

ನಾನು ಕ್ಷಮಿಸು ಅನ್ನಬೇಕೆಂದು ಮಾತು ಜೋಡಿಸುತ್ತಿದ್ದೆ. ಜೋಡಿಸುವುದರೊಳಗೆ ಎಂಐಡಿಸಿ ಸ್ಟಾಪು ಬಂತು. ಆ ಮಾತನ್ನು ಆಮೇಲೂ ಹೇಳಲಿಲ್ಲ. ಆ ಹುಡುಗಿ ಮತ್ತೆ ಹನ್ನೂರಿಗೆ ಬರಲಿಲ್ಲ. ಮೂಡಣ ಇಳಿಜಾರನ್ನು ಸರ್ ಅಷ್ಟಕ್ಕೇ ಮುಚ್ಚಿಸಿದರು. ನಾಲ್ಕು ವರ್ಷಕ್ಕೆ ಅವ್ವ ಹೋದಳು. ಅಕ್ಕ ಆ ದಿಬ್ಬದಲ್ಲಿ ಎಲ್ಲಿದ್ದಾಳೆ ಅನ್ನುವುದು ಅವಳಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಿಲ್ಲ.

ಆವತ್ತು ದಿಬ್ಬದಿಂದ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಸುದ್ದಿ ಕೇಳಿ, ಅಲ್ಲೇ ತಡೆದು ಬಿಸಿನೀರು ತೋಡಿಕೊಟ್ಟಳು. ಅವ್ವ ತಲೆಯ ಮೇಲೆ ಸುರಿದುಕೊಂಡು ಬಂದು, ಪಡಸಾಲೆಯ ಮೂಲೆಯಲ್ಲಿ ಬೇರೆ ಚಾಪೆ ಹಾಸಿಕೊಂಡು ಕೂತಳು. ಒಲೆಯ ಕಡೆ ಬರಲಿಲ್ಲ. ದೇವರಿಗೆ ದೀಪ ಹಚ್ಚಲಿಲ್ಲ. ಹಲ್ಲು ಬಾರದ ಕೂಸಿಗೆ ನಮ್ಮ ಮನೆಯಲ್ಲಿ ಸೂತಕ ಹಿಡಿಯುವ ಪದ್ಧತಿ ಇಲ್ಲ. ಹಿಂದೆ ಅಕ್ಕ ಹೋದ ಮರುದಿನವೇ ಅವ್ವ ಆಳುಮಕ್ಕಳಿಗೆಲ್ಲ ರೊಟ್ಟಿ ಬಡಿದಿದ್ದಳಂತೆ. ಎರಡನೆಯ ದಿನವೂ ಆಕೆ ಚಾಪೆ ಬಿಟ್ಟು ಏಳದಿದ್ದಾಗ ಹೆಂಡತಿ ಕೇಳಿದಳು:

"ಅತ್ತಿ, ಯಾರ ಸೂತಕ ಇದು? ನಿಮ್ಮಾಕಿ ಅಲ್ಲ ಅಂದ್ರಲ್ಲ."

"ಅಂದೆ ಖರೆ" ಅಂದಳು ಅವ್ವ. "ನನ್ನಾಕಿದು ಹಿಡದಿದ್ದಿಲ್ಲಲ್ಲ."

ಹೆಂಡತಿ ಚಹಾದ ಕಪ್ಪನ್ನು ಕೈ ತಾಕದ ಹಾಗೆ ನೆಲದ ಮೇಲಿಟ್ಟು, ಚಾಪೆಯ ಕಡೆಗೆ ಸರಿಸಿದಳು. ಮೂರನೆಯ ದಿನವೂ ಹಾಗೇ ಮಾಡಿದಳು.